ಮಾವನ ಬೈಕಿಗೆ ಒಂದೇ ಕಿಕ್ಕು

ಊರೂರು ಸುತ್ತುವುದೇ ನನ್ನ ಕೆಲಸ. ಹನೋಯ್‌ನಲ್ಲಿ ಸ್ಕೂಟರಿನ ಮೇಲೆ ಫ್ರಿಜ್ಜು ಸವಾರಿ ಹೊರಟದ್ದನ್ನೂ ಕಂಡವಳು. ಆದರೂ ಬ್ಯಾಗು ಕೆಳಗಿಡುವ ಮೊದಲೇ ನಗಿಸುವಂಥದ್ದೇನಾದರೂ ನಡೆಯುವುದು ಚೆನ್ನೈಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ. ಕಾರಣ, ನನ್ನ ಗಂಡನ ಅಪ್ಪ ಮತ್ತು ಅವರ ಹಳೇ ಬೈಕು.

ಅಲಾರಾಂ

ಮಾವ ಕುಂದಾಪುರದ ಕಡೆಯವರು, ಎಗ್ಮೋರಿನಲ್ಲಿ ಹೋಟೆಲು ನಡೆಸಿದವರು. ಬೆಳಿಗ್ಗೆ ಕೀಲಿ ತಿರುಗಿಸದೆಯೇ ಎರಡು ಸಲ ಮೆಲ್ಲಗೆ ಕಿಕ್ ಒತ್ತುತ್ತಾರೆ. ರಾತ್ರಿಯೆಲ್ಲ ತಳಕ್ಕಿಳಿದ ಆಯಿಲ್ ಮೇಲೇರಬೇಕಂತೆ. ಆಮೇಲೆ ಸ್ಟಾರ್ಟ್ ಮಾಡಿ, ಲೋಟದ ಕಾಫಿ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲುತ್ತಾರೆ.

"ಕಾವಲಿ ಕಾಯದೆ ದೋಸೆ ಹೊಯ್ಯುದುಂಟಾ? ಎಂಜಿನ್ ಸವೆಯುದೇ ಆ ಅವಸರದಲ್ಲಿ."

ಮೇಲಿನ ಮನೆಯ ಟೀಚರಮ್ಮನಿಗೆ ಈ ಡಬಡಬ ಸದ್ದು ಕಂಡರಾಗದು. ಒಂದು ದಿನ ಮಾವನಿಗೆ ಜ್ವರ, ಬೈಕು ಮೌನ. ಆಕೆ ಕೆದರಿದ ತಲೆಯಲ್ಲೇ ಇಳಿದು ಬಂದು ತಮಿಳಿನಲ್ಲಿ ಜಗಳ ತೆಗೆದರು: "ಎನ್ನ ಸಾರ್! ಹೇಳದೆ ಕೇಳದೆ ನಿಲ್ಲಿಸಿಬಿಟ್ರೆ ಹೇಗೆ? ಮಗಳ ಸ್ಕೂಲ್ ವ್ಯಾನೇ ಹೋಯ್ತು!"

ನೆರಳು

ಮಾವ ಬೈಕನ್ನು ಈಗಿರುವ ನೆರಳಿನಲ್ಲಿ ನಿಲ್ಲಿಸುವುದಿಲ್ಲ, ಸೂರ್ಯ ಸರಿದಂತೆ ಇನ್ನು ಬರಲಿರುವ ನೆರಳಿನಲ್ಲಿ ನಿಲ್ಲಿಸುತ್ತಾರೆ. ಒಮ್ಮೆ ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬಂದಿದ್ದರು. ರೈಲು ತಡವಾಗಿತ್ತು. ಬಿಸಿಲಿಗೆ ಬೆಂದ ಸೀಟಿನ ಮೇಲೆ ಕೂತವರೆಲ್ಲ ಹಾರಿ ಏಳುತ್ತಿದ್ದರೆ, ಮಾವನ ಬೈಕು ದೂರದ ಬೇವಿನ ಮರದಡಿ ಸೆಂಟರ್ ಸ್ಟ್ಯಾಂಡ್ ಮೇಲೆ ತಣ್ಣಗೆ ನಿಂತಿತ್ತು. ಮೆಚ್ಚಿಕೊಂಡೆ. ಆದರೆ ಅಲ್ಲಿಗೆ ನಡೆಯುವಷ್ಟರಲ್ಲಿ ನಾನೇ ಬೆಂದಿದ್ದೆ.

"ಇಷ್ಟು ದೂರ ಯಾಕೆ ಮಾವ?"

"ನಿನ್ನ ಹತ್ರ ಕೊಡೆ ಉಂಟಲ್ಲ. ಟ್ಯಾಂಕಿಗೆ ಉಂಟಾ?"

ಮಾರಾಟ

ಮಾವನ ಬಲ ಮೊಣಕಾಲಿಗೆ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೆ ಡಾಕ್ಟರು, "ಬೈಕು ಓಡಿಸಿ, ಕಿಕ್ ಮಾತ್ರ ಹೊಡೆಯಬೇಡಿ" ಎಂದರು. ಇದೋ ಕಿಕ್ ಇಲ್ಲದೆ ಮಿಸುಕದ ಗಾಡಿ. ಗಂಡ ಕಾರಿನವನು, ನಾನು ಮನೆಯಲ್ಲಿರುವುದೇ ಅಪರೂಪ. ಮಾರುವುದೆಂದಾಯಿತು. ಮಾವ ಊಟ ಕಡಿಮೆ ಮಾಡಿದರು.

ಕೊಳ್ಳುವವನು ಬರುವ ದಿನ ಅತ್ತೆ ಪಿಸುಗುಟ್ಟಿದರು: "ಪೆಟ್ರೋಲ್ ಬಂದ್ ಮಾಡಿಡಿ. ಸ್ಟಾರ್ಟ್ ಆಗದಿದ್ರೆ ಯಾರು ತಗೊಳ್ತಾರೆ?"

"ಪರರ ಎದುರು ಅದರ ಮರ್ಯಾದೆ ತೆಗಿಯುದಾ? ನನ್ನಿಂದಾಗುದಿಲ್ಲ."

ಬಂದವನು ಜಿಮ್ಮಿನಲ್ಲಿ ಬೆಳೆದ ಆಳು. ಆಕ್ಸಿಲರೇಟರ್ ತಿರುಚುತ್ತಲೇ ಕಿಕ್ ಮೇಲೆ ಕಿಕ್ ಹೊಡೆದ. ಬೆವರು ಇಳಿಯಿತು, ಬೈಕು ಕೆಮ್ಮಲೂ ಇಲ್ಲ. ಮಾವ ಬಾಯಿ ತೆರೆಯಹೊರಟರೆ ಅತ್ತೆ ಅಂಗಿ ಹಿಡಿದು ಜಗ್ಗಿದರು: "ಸುಮ್ಮನಿರಿ. ಉಳೀತದೆ."

ಆತ ಕೈಕೊಡವಿದ. "ಎಂಜಿನ್ ಪೋಚು ಸಾರ್. ಗುಜರಿಗೆ ಹಾಕಿ."

ಮಾವನ ಅಂಗಿ ಬಿಟ್ಟ ಅತ್ತೆ ತಾವೇ ಮುಂದೆ ಬಂದರು. "ಯಾವುದು ಗುಜರಿ?"

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೀಲಿ ಆಫ್ ಮಾಡಿ, ಮೆಲ್ಲಗೆ ಎರಡು ಸಲ ಕಿಕ್ ಒತ್ತಿದರು. ಕೀಲಿ ತಿರುಗಿಸಿ ಒಂದೇ ಕಿಕ್. ಡಬ್, ಡಬ್, ಡಬ್!

"ಆಸ್ಪತ್ರೆಯಲ್ಲಿ ನೀವು ಮಲಗಿದ್ದಾಗ ದಿನಾ ಯಾರು ಇದನ್ನ ಎಬ್ಬಿಸಿದ್ದು ಅಂದ್ಕೊಂಡ್ರಿ?" ಎಂದು ಅತ್ತೆ ಮಾವನನ್ನು ಕೇಳಿದರು.

"ಆಂಟಿ, ಈಗಲೇ ತಗೊಳ್ತೀನಿ!" ಎಂದ ಆತ.

"ಕಿಕ್ ಹೊಡೆಯೋರಿಲ್ಲ ಅಂತ ಮಾರಲಿಕ್ಕೆ ಹೊರಟದ್ದು. ನಾನಿದ್ದೇನಲ್ಲ, ಹೋಗಿ ಬನ್ನಿ."

ಆವತ್ತಿನಿಂದ ಮಾವ ಹೊರಟಲ್ಲಿಗೆಲ್ಲ ಅತ್ತೆಯೂ ಹಿಂದೆ ಕೂತು ಹೋಗಲೇಬೇಕು. ಮೊನ್ನೆ ಸಿಗ್ನಲ್‌ನಲ್ಲಿ ಬೈಕು ನಿಂತುಹೋಯಿತಂತೆ. ರೇಷ್ಮೆ ಸೀರೆಯ ಅತ್ತೆ ಇಳಿದು, ಕಿಕ್ ಹೊಡೆದು, ಮತ್ತೆ ಹತ್ತುವವರೆಗೆ ಟ್ರಾಫಿಕ್ ಪೊಲೀಸು ಉಳಿದ ಗಾಡಿಗಳನ್ನು ತಡೆದು ನಿಲ್ಲಿಸಿದನಂತೆ.

"ಏನು ತಾತಾ, ಇದರಲ್ಲಿ ಸೆಲ್ಫ್ ಸ್ಟಾರ್ಟ್ ಇಲ್ವಾ?"

"ಉಂಟಲ್ಲ," ಎಂದು ಮಾವ ಹೆಬ್ಬೆರಳಿನಿಂದ ಹಿಂದಿನ ಸೀಟು ತೋರಿಸಿದರಂತೆ.