ಧಾರವಾಡದ ತೈಲಸಮರ

ಯಾವ ಯುಗದಲ್ಲಿ ವಾರಪತ್ರಿಕೆಗಳು ಗುರುವಾರ ತಪ್ಪದೆ ಮನೆಮನೆಯ ಕಟ್ಟೆಯೇರುತ್ತಿದ್ದವೋ, ಯಾವ ಯುಗದಲ್ಲಿ ಮುದ್ರಣದೋಷವು ಪಂಚಮಹಾಪಾತಕಗಳ ನಂತರ ಆರನೆಯದೆನಿಸಿತ್ತೋ, ಆ ಯುಗದ ಧಾರವಾಡದಲ್ಲಿ ಮೂವತ್ತೊಂದು ವರ್ಷ ಒಂದೂ ವಾರ ತಪ್ಪದೆ ಬಂದೂಕುಗಳ ಅಂಕಣ ಬರೆದ, ಷಡ್ಗುಂಡಚಕ್ರಮರ್ಮಜ್ಞ, ಲೇಖನೀಧುರಂಧರ ದಿವಂಗತ ವಿರೂಪಾಕ್ಷಗೌಡರನ್ನು ಮೊದಲು ನೆನೆಯುತ್ತೇನೆ. ಅನಂತರ ಅವರ ಪ್ರಾಣಸಖಿಯರಾದ ರಿವಾಲ್ವರುಗಳನ್ನು: ಎಡಸೊಂಟದ ಕಾರ್ಮುಗಿಲಬಣ್ಣದ ‘ಎಡದಾಕಿ’, ಬಲಸೊಂಟದ ಬೆಳ್ಳಿಮೈಯ ‘ಬಲದಾಕಿ’. ಇವರಿಂದ ಸದಾ ಸೂಸುತ್ತಿದ್ದ ಮಲ್ಲಿಗೆಯ ಕಂಪನ್ನು ಅಭಿಮಾನಿಗಳು ವೀರಲಕ್ಷ್ಮಿಯ ನಿಶ್ವಾಸವೆಂದೇ ನಂಬಿದ್ದರು.

ಗೌಡರಿಲ್ಲದ ಮೊದಲ ಖಂಡೇನವಮಿ, ಆಯುಧಪೂಜೆಯ ದಿನ ಅದು. ಅವರ ಅಂಕಣಗಳ ಸಂಪುಟ ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕು, ರಿವಾಲ್ವರುಗಳಿಗೆ ಎಣ್ಣೆ ಹಾಕುವ ಕ್ರಮದ ‘ತೈಲಾಧ್ಯಾಯ’ವೊಂದೇ ಅಪೂರ್ಣ. ಅದಕ್ಕಿದ್ದ ಏಕೈಕ ಆಧಾರ, ರಿವಾಲ್ವರುಗಳ ಪೆಟ್ಟಿಗೆಯಲ್ಲಿ ಸಿಕ್ಕ ಗೌಡರ ಸ್ವಹಸ್ತದ ಚೀಟಿ. ಬಲಕ್ಕೆ ಎರಡು ಹನಿ, ಎಡಕ್ಕೆ ಇಷ್ಟು ಹನಿ, ತುಸು ಬೆಚ್ಚಗಿರಲಿ ಎಂದಿತ್ತು. ಎಡದ ಅಂಕಿಯ ಬಾಲ ಎಣ್ಣೆಯ ಕಲೆಯಲ್ಲಿ ಮುಳುಗಿ, ಅದು ೩ ಎಂದೂ ೬ ಎಂದೂ ಸಮಸಮವಾಗಿ ಕಾಣುತ್ತಿತ್ತು. ಬೆಚ್ಚಗಿನ ವಿಷಯದಲ್ಲಿ ಮಾತ್ರ ಒಮ್ಮತವಿದ್ದುದರಿಂದ ಬಂದೂಕಿನೆಣ್ಣೆ ಆಗಲೇ ಗೌಡರ ಮನೆಯ ಒಲೆಯೇರಿತ್ತು.

ಮೂರೆಂಬ ಪಕ್ಷಕ್ಕೆ ಪೊಲೀಸ್ ಶಸ್ತ್ರಾಗಾರದ ನಿವೃತ್ತಸಿಂಹ ಇಮಾಮಸಾಬ ನದಾಫರು. ಆರೆಂಬ ಪಕ್ಷಕ್ಕೆ, ಇಪ್ಪತ್ತೆರಡು ವರ್ಷ ಗೌಡರ ಕರಡು ತಿದ್ದಿದ, ಒತ್ತಕ್ಷರರಕ್ಷಾಮಣಿ ಗುರುನಾಥ ಪತ್ತಾರ ಮಾಸ್ತರರು. ಅನುಮಾನ ಬಂದಾಗ ಕೇಳಲು ಗೌಡರಿಲ್ಲದ ಮೊದಲ ಕರಡು ಇದು. ಅವರ ಕಡೆಯ ಪುಟ ತಮ್ಮ ಕೈಯಲ್ಲೇ ತಪ್ಪಾದೀತೆಂಬ ಭಯಕ್ಕೆ ಮಾಸ್ತರರು ಕೆಂಪು ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

“ಮಾಸ್ತರ, ನಲವತ್ತು ವರ್ಷ ಬಂದೂಕಿನ ನಳಿಗ್ಯಾಗ ಕಣ್ಣಿಟ್ಟಾಂವ ನಾ,” ಎಂದು ನದಾಫರು ಗರ್ಜಿಸಿದರು. “ಆರು ಹನಿ ಹಾಕಿದ್ರ ಅದು ರಿವಾಲ್ವರ್ ಅಲ್ಲ, ಮಿರ್ಚಿ ಭಜಿ.”

“ನೀವು ಬಂದೂಕ ನೋಡೀರಿ ಸಾಹೇಬ್ರ, ನಾ ಗೌಡ್ರ ಅಕ್ಷರ ನೋಡೇನಿ. ಆರು ಗುಂಡಿಗೆ ಆರು ಹನಿ.”

ನದಾಫರು ಭೂತಗನ್ನಡಿಯೆಂಬ ಸುದರ್ಶನವನ್ನೆತ್ತಿದರು. ಮಾಸ್ತರರು ಹಸ್ತಪ್ರತಿಗಳ ಕಟ್ಟು ಬಿಚ್ಚಿ, ಮೂರುಗಳ ಅಕ್ಷೌಹಿಣಿಯೆದುರು ಆರುಗಳ ಅಕ್ಷೌಹಿಣಿಯನ್ನು ನಿಲ್ಲಿಸಿದರು. ಆದರೆ ಗೌಡರ ಮೂರುಗಳೂ ಆರುಗಳೂ ಒಂದೇ ತಾಯಿಯ ಮಕ್ಕಳಂತಿದ್ದು, ಉಭಯಸೇನೆಗಳೂ ಗುರುತು ಸಿಗದೆ ಬೆರೆತುಹೋದವು. ಚಹಾ ಆರಿತು. ಮೂರು ಗಂಟೆ ಹತ್ತು ನಿಮಿಷವಾಯಿತು.

ಆಗ ಚೆಂಡುಹೂವಿನ ಬುಟ್ಟಿಯೊಡನೆ ಗೌಡರ ಮಡದಿ ನೀಲವ್ವ ಒಳಬಂದು, ಚೀಟಿಯನ್ನು ಮಾರುದೂರ ಹಿಡಿದು ಓದಿದರು.

“ಇದು ಅವರ ಕಿವಿ ಔಷಧದ ಚೀಟಿ. ಢಂ ಢಂ ಅನಿಸಿ ಅನಿಸಿ ಎಡಗಿವಿ ಪೂರಾ ಹೋಗಿತ್ತಲ್ಲ. ಕಳೀಬಾರದಂತ ನಾನ ಪೆಟ್ಟಿಗ್ಯಾಗ ಇಟ್ಟಿದ್ದೆ.”

ನದಾಫರ ಸುದರ್ಶನ ಕೆಳಗಿಳಿಯಿತು. ಒಲೆಯ ಮೇಲಿನ ಎಣ್ಣೆ ಮಾತ್ರ ಹೊಗೆಯಾಡಿತು.

“ಹಂಗಾದ್ರ ಅಕ್ಕಾರ, ಇವಕ್ಕ ಯಾವ ಎಣ್ಣಿ?” ಮಾಸ್ತರರ ದನಿ ಸೊಳ್ಳೆಯಷ್ಟಾಗಿತ್ತು.

ನೀಲವ್ವ ಗೂಡಿನಿಂದ ತಮ್ಮ ತಲೆಗೆ ಹಚ್ಚುವ ಮಲ್ಲಿಗೆ ಎಣ್ಣೆಯ ಬಾಟಲಿ ತಂದಿಟ್ಟರು. “ಇದನ್ನ. ಕದ್ದು ಹಚ್ಚತಿದ್ರು. ಎಷ್ಟು ಹನಿ ಅಂತ ನನ್ನ ಕೇಳಬ್ಯಾಡ್ರಿ. ನನ್ನ ಜಡಿಗಂತೂ ಉಳೀತಿರಲಿಲ್ಲ.”

ನಾಲ್ಕಕ್ಕೆ ಐದು ನಿಮಿಷವಿರುವಾಗ ಮಾಸ್ತರರು ತೈಲಾಧ್ಯಾಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು: ‘ತೈಲವನ್ನು ಮನೆಯಲ್ಲಿ ಕೇಳಿ ತೆಗೆದುಕೊಳ್ಳತಕ್ಕದ್ದು.’

ನೀಲವ್ವ ಅದನ್ನು ಎರಡು ಬಾರಿ ಓದಿ, ತಪ್ಪಿಲ್ಲವೆಂದರು.