ಬಾತುಕೋಳಿ ಬಾವುಟಕ್ಕೆ ಅರಿಶಿನ ಶಾಸ್ತ್ರ

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನಿಗೆ ಒಂದು ಬಾವುಟ ಹಿಡಿದು ನಡೆಯಲು ಬರುವುದಿಲ್ಲವೇ? ಬರುತ್ತದೆ ಎಂದೇ ನಾನೂ ನಂಬಿದ್ದೆ.

ಎಪ್ಪತ್ತರ ದಶಕದ ಆರಂಭದ ಮಾತು. ನನ್ನ ಕೆಲಸ ಹ್ಯಾಂಬರ್ಗಿನ ಪ್ರಯೋಗಾಲಯದಲ್ಲಿ. ವಾಸ ರೈಲಿನಲ್ಲಿ ಹೋಗಿಬರುವಷ್ಟು ದೂರದ ಒಂದು ಪುಟ್ಟ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ನನಗೆ ಇನ್ನೂ ಸ್ವಲ್ಪ ಮರ್ಯಾದೆ ಉಳಿದಿದೆ. ಹ್ಯಾಂಬರ್ಗಿನಲ್ಲಿ ಫೋನು ಮಾಡಿದಾಗ ಖಾಲಿ ಇದ್ದ ಮನೆಗಳೆಲ್ಲ ನನ್ನ ಮುಖ ಕಂಡ ಕೂಡಲೇ ಭರ್ತಿಯಾಗುತ್ತಿದ್ದವು. ನನ್ನನ್ನೂ ನನ್ನ ಹೆಂಡತಿ ಸರೋಜಳನ್ನೂ ನೋಡಿ "ಒಳಗೆ ಬನ್ನಿ, ಚಳಿ ಇದೆ" ಎಂದವರು ಈ ಊರಿನ ಮನೆಯೊಡತಿ ಫ್ರಾವ್ ಹಾನ್ಸೆನ್ ಒಬ್ಬರೇ. ಅವರು ಕೆಳಗೆ, ನಾವು ಮಹಡಿಯ ಮೇಲೆ. ಆಕೆ ಮುನಿಸಿಕೊಂಡರೆ ನಮಗೆ ಬೇರೆ ಸೂರಿರಲಿಲ್ಲ.

ಜರ್ಮನಿಯಲ್ಲಿ ಊರು ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಲಾಂಛನ, ಒಂದು ಬಾವುಟ ಇರಲೇಬೇಕು. ಬಸ್ಸು ನಿಲ್ಲದ ಊರಿಗೂ ಸಿಂಹವಿರುತ್ತದೆ! ನಮ್ಮ ಊರಿನ ಹಿರಿಯರು ಮಾತ್ರ ಪ್ರಾಮಾಣಿಕರು. ಬಾತುಕೋಳಿಯನ್ನು ಆರಿಸಿದ್ದರು. ಬಿಳಿ ಬಟ್ಟೆಯ ಮೇಲೆ ಕಪ್ಪು ಬಾತುಕೋಳಿ, ಅದರ ಕೊಕ್ಕಿನಲ್ಲಿ ಬೀಗದ ಕೈ. ಗಂಡಭೇರುಂಡವನ್ನು ನೋಡಿ ಬೆಳೆದ ಮೈಸೂರಿನವನಾದ ನಾನು ಮೊದಲ ಸಲ ನಕ್ಕುಬಿಟ್ಟಿದ್ದೆ. ಮೇಯರ್ ನಗಲಿಲ್ಲ. ನಿಂತಲ್ಲೇ ಪಾಠ ಮಾಡಿದರು: ಲಾಂಛನದಲ್ಲಿ ಬಿಳಿ ಎಂದರೆ ಬೆಳ್ಳಿ, ಹಳದಿ ಎಂದರೆ ಬಂಗಾರ.

ಆ ಬೇಸಿಗೆಯ ಊರಹಬ್ಬಕ್ಕೆ ಹೊಸ ಬಾವುಟ ಬೇಕಾಗಿತ್ತು. ಹಳೆಯ ಬಾತುಕೋಳಿಗೆ ನುಸಿ ಹಿಡಿದಿತ್ತು. ಫ್ರಾವ್ ಹಾನ್ಸೆನ್ ಚಳಿಗಾಲವಿಡೀ ಕೂತು ಒಂದೊಂದು ಗರಿಯನ್ನೂ ಕಸೂತಿ ಹಾಕಿದ್ದರು. ಅದನ್ನು ಮೆರವಣಿಗೆಯಲ್ಲಿ ಹಿಡಿಯಬೇಕಿದ್ದ ಅವರ ತಮ್ಮ ಚೆರ್ರಿ ಮರದಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಉಳಿದ ಗಂಡಸರೆಲ್ಲ ವಾದ್ಯದವರು. ಏನನ್ನೂ ಊದಲು ಬಾರದವನು ನಾನೊಬ್ಬನೇ.

"ಹೆರ್ ಡಾಕ್ಟರ್, ನಾಳೆ ನೀವೇ ಹಿಡಿಯಬೇಕು. ಕೋಲಿಗೆ ಕಟ್ಟಿ ಅಭ್ಯಾಸ ಮಾಡಿಕೊಳ್ಳಿ" ಎಂದು ಫ್ರಾವ್ ಹಾನ್ಸೆನ್ ಎಳೆಮಗುವನ್ನು ಒಪ್ಪಿಸುವಂತೆ ಬಾವುಟವನ್ನು ನನ್ನ ಕೈಗಿತ್ತರು.

ಇಂಥ ಗೌರವಕ್ಕೆಂದೇ ನಾನು ಬಿಳಿಯ ಹೊಸ ಶರಟು ಕೊಂಡೆ. ಹೊಸ ಬಟ್ಟೆ ಬಂದರೆ ಮೂಲೆಗೆ ಅರಿಶಿನ ಮುಟ್ಟಿಸುವುದು ನಮ್ಮ ಮನೆಯ ಪದ್ಧತಿ. ಸರೋಜ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದಳು.

"ಶರಟಿಗೆ ಬೇಡ ಕಣೇ, ಎಲ್ರಿಗೂ ಕಾಣುತ್ತೆ" ಎಂದೆ. ಆಗಲೇ ನನಗೆ ಜ್ಞಾನೋದಯವಾಯಿತು. ಬಾವುಟವೂ ಹೊಸ ಬಟ್ಟೆಯೇ!

"ರೀ, ಅದು ಅವರದ್ದು. ಕೇಳ್ದೇ ಹಚ್ಚೋದಾ?"

"ಒಳ್ಳೇದಾಗ್ಲಿ ಅಂತ ತಾನೇ? ಮೂಲೇಲಿ ಒಂದು ಚುಕ್ಕಿ. ಯಾರಿಗೂ ಗೊತ್ತಾಗಲ್ಲ."

ಚುಕ್ಕಿ ಇಟ್ಟೆ. ಮೂಲೆಯಲ್ಲೇ ಇಟ್ಟೆ. ಆಮೇಲೆ ಹೆಮ್ಮೆಯಿಂದ ಹಿಂದೆ ಸರಿದಾಗ ನನ್ನ ಮೊಣಕೈ ಕೋಲಿಗೆ ತಗುಲಿತು, ಕೋಲು ಬಟ್ಟಲಿಗೆ ತಗುಲಿತು, ಅರಿಶಿನವೆಲ್ಲ ಬಾತುಕೋಳಿಯ ಹೊಟ್ಟೆಯ ಕೆಳಗೆ ಚೆಲ್ಲಿತು. ಬಾತುಕೋಳಿ ಮೊಟ್ಟೆಯಿಟ್ಟಂತೆ ಕಾಣುತ್ತಿತ್ತು. ಒಡೆದ ಮೊಟ್ಟೆ!

"ಬಿಸಿಲಿಗೆ ಹಾಕಿದ್ರೆ ಹೋಗುತ್ತೆ ರೀ" ಎಂದಳು ಸರೋಜ.

"ಬಿಸಿಲು? ಈ ಊರಲ್ಲಿ? ಅದಕ್ಕೆ ಯಾವ ಆಫೀಸಿಗೆ ಅರ್ಜಿ ಹಾಕ್ಬೇಕು?" ಕಿಟಕಿಯಾಚೆ ಮಳೆ ಜಿನುಗುತ್ತಿತ್ತು. "ಸುಮ್ನಿರು. ಇದು ಕೆಮಿಸ್ಟ್ರಿ. ನನ್ನ ಫೀಲ್ಡು!"

ಸಾಬೂನು ಹಾಕಿ ಉಜ್ಜಿದೆ. ಹಳದಿ ಹೋಯಿತು. ಕೆಂಪು ಬಂತು! ಅರಿಶಿನಕ್ಕೆ ಕ್ಷಾರ ಸೇರಿದರೆ ಕೆಂಪಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು ನಾನು. ಬಾತುಕೋಳಿಯನ್ನು ಯಾರೋ ಕೊಂದಂತಿತ್ತು. ವಿನೆಗರ್ ಸುರಿದೆ. ಕೆಂಪು ಹೋಗಿ ಹಳದಿ ಮರಳಿತು. ಬರುವಾಗ ನೆಂಟರಿಷ್ಟರನ್ನೂ ಕರೆದುಕೊಂಡು ಬಂತು. ಅರ್ಧ ಬಾವುಟ ಮಚ್ಚೆಮಚ್ಚೆಯಾಯಿತು.

"ಓಕುಳಿ ಆಡಿ ಅಂತ ಯಾರು ಹೇಳಿದ್ರು ನಿಮ್ಗೆ?" ಎಂದಳು ಸರೋಜ.

ನನಗೆ ಈಗ ನಿಜವಾಗಿಯೂ ಹೆದರಿಕೆಯಾಯಿತು. ಕೆಳಗೆ ಫ್ರಾವ್ ಹಾನ್ಸೆನ್ ಹಾಡಿಕೊಳ್ಳುತ್ತ ಹಬ್ಬದ ಕೇಕ್ ಮಾಡುತ್ತಿದ್ದರು. ಅವರ ಇಡೀ ಚಳಿಗಾಲ ಮೇಲೆ ನನ್ನ ಬಕೆಟ್ಟಿನಲ್ಲಿ ಮುಳುಗಿತ್ತು. ಪೆಟ್ಟಿಗೆ ಹೊತ್ತು ಮತ್ತೆ ಬಾಗಿಲು ಬಾಗಿಲು ತಟ್ಟಬೇಕಾದೀತು ಎನಿಸಿತು.

ಆಗ ಮೇಯರರ ಪಾಠ ನೆನಪಾಯಿತು. ಹಳದಿ ಎಂದರೆ ಬಂಗಾರ! ಇಡೀ ಬಾವುಟವನ್ನೇ ಒಂದೇ ಸಮ ಹಳದಿ ಮಾಡಿಬಿಟ್ಟರೆ? ಬೆಳ್ಳಿ ಪಡೆದು ಬಂಗಾರ ಹಿಂತಿರುಗಿಸಿದವನನ್ನು ಯಾವ ಊರು ತಾನೇ ಬೈದೀತು? ನಮ್ಮತ್ತೆ ಮೈಸೂರಿನಿಂದ ಕಳಿಸಿದ್ದ ವರ್ಷದ ಅರಿಶಿನವೆಲ್ಲ ಬಿಸಿನೀರಿಗೆ ಬಿತ್ತು.

ಸರೋಜ ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. "ಇನ್ನು ಸಾರಿಗೆ ಬಾವುಟಾನೇ ಅದ್ದಬೇಕು."

ಮರುದಿನ ರಾಟ್‌ಹೌಸಿನ, ಅಂದರೆ ಊರ ಕಚೇರಿಯ, ಮುಂದೆ ಊರೆಲ್ಲ ಸೇರಿತ್ತು. ನಾನು ಗಂಭೀರವಾಗಿ ಬಾವುಟ ಬಿಚ್ಚಿದೆ. ವಾದ್ಯ ನಿಂತಿತು.

"ಹೆರ್ ಡಾಕ್ಟರ್, ಹಳದಿ ಬಾವುಟ ನದಿಯಾಚೆಯ ಊರಿನದು" ಎಂದರು ಮೇಯರ್, ತುಂಬ ಮೆಲ್ಲಗೆ. ನದಿಯಾಚೆಯವರಿಗೂ ನಮ್ಮವರಿಗೂ ತಲೆತಲಾಂತರದಿಂದ ಮಾತಿಲ್ಲ ಎಂಬ ಭಾಗ ಪಾಠದಲ್ಲಿ ಬಿಟ್ಟುಹೋಗಿತ್ತು.

ಉತ್ತರ ಕೊಡಲು ನಾನು ಬಾಯಿ ತೆರೆದೆ. ಮಳೆ ಬಂತು. ಬಂಗಾರ ಇಳಿಯತೊಡಗಿತು! ಕೋಲಿನಿಂದ ಕೈಗೆ, ಕೈಯಿಂದ ತೋಳಿಗೆ, ತಲೆಯಿಂದ ಹೊಸ ಶರಟಿಗೆ. ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ ನಾನು ಊರ ನಡುವೆ ನಿಂತಿದ್ದೆ.

ಫ್ರಾವ್ ಹಾನ್ಸೆನ್ ಮುಂದೆ ಬಂದರು. "ಯಾಕೆ ಹೀಗೆ ಮಾಡಿದಿರಿ?"

"ನಮ್ಮಲ್ಲಿ ಹೊಸ ಬಟ್ಟೆಗೆ ಇದರ ಒಂದು ಚುಕ್ಕಿ ಇಡುತ್ತೇವೆ. ಒಳ್ಳೆಯದಾಗಲಿ ಎಂದು."

"ನನ್ನ ಬಾತುಕೋಳಿಗೆ?"

"ಹೌದು."

ಅವರು ಬಾವುಟವನ್ನು ಮಡಚಿಕೊಂಡು ಹೊರಟುಹೋದರು. ನಾವು ಮನೆಗೆ ಬಂದು ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿ ಧೂಳು ಒರೆಸಿದೆವು.

ಮರುದಿನದಿಂದ ಆ ಊರು ಕಂಡರಿಯದ ಬಿಸಿಲು! ಹಿತ್ತಲಿನ ಹಗ್ಗದ ಮೇಲೆ ತೂಗುತ್ತಿದ್ದ ಬಾವುಟ ದಿನದಿನಕ್ಕೂ ಬೆಳ್ಳಗಾಯಿತು. ಸರೋಜ ದಿನವೂ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ಅದನ್ನು ನನಗೆ ತೋರಿಸುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು.

ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಫ್ರಾವ್ ಹಾನ್ಸೆನ್! ಮನೆ ಬಿಡಿ ಎನ್ನಲು ಬಂದರೆಂದೇ ಅಂದುಕೊಂಡೆ. ಅವರ ಕೈಯಲ್ಲಿ ಒಂದು ಹೊಸ ಅಂಗಿ ಇತ್ತು.

"ನಾಳೆ ತಮ್ಮ ಆಸ್ಪತ್ರೆಯಿಂದ ಬರುತ್ತಾನೆ. ಇದಕ್ಕೂ ಆ ಹಳದಿ ಚುಕ್ಕಿ ಇಟ್ಟುಕೊಡಿ. ಅವನಿಗೂ ಒಳ್ಳೆಯದಾಗಲಿ."

ಮನೆ ಉಳಿಯಿತು! ನನಗೆ ಕಣ್ಣು ತುಂಬಿ ಬಂತು. ಕೈ ಚಾಚಿದೆ. ಅವರು ಅಂಗಿಯನ್ನು ಹಿಂದಕ್ಕೆ ಎಳೆದುಕೊಂಡರು.

"ನೀವಲ್ಲ, ಹೆರ್ ಡಾಕ್ಟರ್. ನಿಮ್ಮ ಹೆಂಡತಿ."

ಮನೆಯಲ್ಲಿ ಅರಿಶಿನವೆಂದು ಉಳಿದಿದ್ದದ್ದು ನನ್ನ ಶರಟಿನಲ್ಲಿ ಮಾತ್ರ. ಸರೋಜ ಅದರ ತೋಳನ್ನು ಒದ್ದೆ ಮಾಡಿ, ಹಿಂಡಿ, ಅಂಗಿಯ ಕಾಲರಿನ ಒಳಗೆ ಒಂದೇ ಒಂದು ಚುಕ್ಕಿ ಇಟ್ಟಳು. ಯಾರಿಗೂ ಕಾಣದ ಹಾಗೆ!