ಬಾಗಿಲು ತೆಗೆದರೆ ಬರುವ ಮೆಟ್ಟಿಲು

ಗಾಡಿಗಳ ವೈರಿಂಗ್ ಕೆಲಸ ಮಾಡುವವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ, ತಿಂಗಳಿಗೆ ಒಂದಾದರೂ ಪ್ರಸಂಗವನ್ನು ಗಿರಾಕಿಗಳೇ ತಂದುಕೊಡುತ್ತಾರೆ. ಕಷ್ಟವೇನೆಂದರೆ ಅವರೆದುರು ನಗುವ ಹಾಗಿಲ್ಲ. ಗಂಗಾವತಿಯಲ್ಲಿ ಕನಕಗಿರಿ ರಸ್ತೆಗೆ ನನ್ನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಟ್ರ್ಯಾಕ್ಟರು, ಲಾರಿ, ಭತ್ತ ಕೊಯ್ಯುವ ಮಷೀನುಗಳ ಕೆಳಗೆ ಮಲಗಿ ಎದ್ದಿದ್ದೇನೆ. ಮುಖ ಗಂಟು ಹಾಕಿಕೊಂಡಿರುವುದು ಈಗ ಅಭ್ಯಾಸವಾಗಿ, ಮನೆಯಲ್ಲಿ ಹೆಂಡತಿ "ಇವತ್ತ ಏನ್ ಕೆಟ್ಟೈತಿ" ಎಂದೇ ಮಾತು ಶುರು ಮಾಡುತ್ತಾಳೆ.

ಹೋದ ವರ್ಷ ನಮ್ಮೂರ ರೈಸ್ ಮಿಲ್ ಸಾಹುಕಾರರೊಬ್ಬರು ದೊಡ್ಡ ಗಾಡಿ ತಂದರು. ಅದರ ಸೀಟಿನಲ್ಲಿ ಕೂತರೆ ಲಾರಿ ಡ್ರೈವರನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಹುದು, ಅಷ್ಟು ಎತ್ತರ. ಹತ್ತುವುದಕ್ಕೆ ಪಕ್ಕದಲ್ಲಿ ಕರೆಂಟಿನ ಮೆಟ್ಟಿಲು. ಬಾಗಿಲು ತೆಗೆದರೆ ಗಾಡಿಯ ಅಡಿಯಿಂದ ತಾನಾಗಿ ಹೊರಗೆ ಬರುತ್ತದೆ, ಬಾಗಿಲು ಹಾಕಿದರೆ ಒಳಗೆ ಹೋಗುತ್ತದೆ.

ಸಾಹುಕಾರರು ಈ ಗಾಡಿ ತಂದದ್ದೇ ಈ ಮೆಟ್ಟಿಲು ನೋಡಿ. ಅವರ ತಾಯಿಗೆ ಎಂಬತ್ತರ ಹತ್ತಿರ, ಎರಡೂ ಮೊಣಕಾಲು ನೋವು. ಕುಷ್ಟಗಿಗೆ ಕೊಟ್ಟ ಮಗಳ ಮನೆಗೆ ಮೊಮ್ಮಗಳು ಹೆರಿಗೆಗೆ ಬಂದಿದ್ದಳು. ಹುಟ್ಟುವ ಕೂಸನ್ನು ತಾನೇ ಎತ್ತಿ ತೊಟ್ಟಿಲಿಗೆ ಹಾಕಬೇಕು ಎಂಬುದು ಅಮ್ಮನ ಆಸೆ. ಮೆಟ್ಟಿಲು ಎಲ್ಲರಿಗೂ ಬರುತ್ತಿತ್ತು. ಅಮ್ಮ ನಿಂತರೆ ಮಾತ್ರ ಅರ್ಧ ಬಂದು ಒಳಗೆ ಹೋಗುತ್ತಿತ್ತು. ಅದನ್ನು ಸರಿಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು.

೧. ಮೆಟ್ಟಿಲಲ್ಲಿ ಬೆಳೆ

ಸಾಹುಕಾರರ ಹೊಲ ಮರಳಿ ಎಂಬ ಊರಿನ ಕಡೆ. ನಾಟಿ ನೋಡಲು ಗಾಡಿಯನ್ನು ಕಾಲುವೆ ದಂಡೆವರೆಗೂ ಒಯ್ಯುತ್ತಿದ್ದರು. ನಾನು ಮೊದಲ ಸಲ ಕೆಳಗೆ ಮಲಗಿ ನೋಡಿದಾಗ ಮೆಟ್ಟಿಲಿನ ಸಂದುಗಳಲ್ಲಿ ಕೆಸರು ಒಣಗಿ ಇಟ್ಟಂಗಿಯಂತೆ ಗಟ್ಟಿಯಾಗಿತ್ತು. ಎಸಿಯ ನೀರು ತೊಟ್ಟಿಕ್ಕುವ ಒಂದು ಮೂಲೆಯಲ್ಲಿ ಮಾತ್ರ ಇನ್ನೂ ಹಸಿ. ಅಲ್ಲಿ ನಾಲ್ಕು ಬೆರಳು ಎತ್ತರದ ಭತ್ತದ ಸಸಿ ಎದ್ದಿತ್ತು.

ಹೊರಗೆ ಬಂದು, "ಸಾಹುಕಾರ್ರ, ನಿಮ್ಮ ಮೆಟ್ಟಿಲದಾಗ ಭತ್ತ ಬೆಳದೈತ್ರಿ," ಎಂದೆ.

ಅವರು ನಂಬಲಿಲ್ಲ. ಸಸಿ ಕಿತ್ತು ಕೈಗೆ ಕೊಟ್ಟೆ. ಬೇರಿನ ಹತ್ತಿರ ಅಂಟಿಕೊಂಡಿದ್ದ ಕಾಳಿನ ಸಿಪ್ಪೆಯನ್ನು ಬೆರಳಲ್ಲಿ ಹೊರಳಿಸಿ, ಬೆಳಕಿಗೆ ಹಿಡಿದು ನೋಡಿದರು. ಮೋಟರು ಉಳಿಯುತ್ತದೋ ಇಲ್ಲವೋ ಎಂದು ಕೇಳುತ್ತಾರೆಂದು ನಾನು ಕಾಯುತ್ತಿದ್ದೆ.

"ಇದು ನಮ್ಮ ಹೊಲದ್ದಲ್ಲ. ನಾವು ಹಾಕಿದ ತಳಿ ಬ್ಯಾರೆ," ಎಂದರು. ಡ್ರೈವರನ ಕಡೆ ತಿರುಗಿದರು. "ಬಾಜೂದವ್ರ ಹೊಲದಾಗ ಗಾಡಿ ಯಾಕ ಇಳಿಸಿದ್ದಿ?"

"ತಿರುಗಿಸಾಕ್ರಿ," ಎಂದ ಡ್ರೈವರ್, ತಲೆ ತಗ್ಗಿಸಿ.

ಸಾಹುಕಾರರು ಸಸಿಯನ್ನು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಎಲ್ಲಿಗೆ ಎಂದು ಕೇಳಿದೆ. ಬಾಜೂ ಹೊಲದವರಿಗೆ ತಿರುಗಿ ಕೊಟ್ಟುಬರಲು ಎಂದರು.

೨. ಅಡಚಣೆ

ಕೆಸರು ತೆಗೆದು, ತೊಳೆದು, ಗ್ರೀಸು ಹಚ್ಚಿ, ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿ ನೋಡಿದೆ. ಇಪ್ಪತ್ತೂ ಸಲ ಮೆಟ್ಟಿಲು ಬಂದು ಹೋಯಿತು. ಗಾಡಿ ಮನೆಗೆ ಹೋದ ಮೇಲೆ ಅಮ್ಮ ನಿಂತರು, ಅದು ಅರ್ಧ ಬಂದು ಒಳಗೆ ಹೋಯಿತು. ಮರುದಿನ ಸಾಹುಕಾರರು ಗಾಡಿ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿ, ನನ್ನ ಮೇಲಿನ ಸಿಟ್ಟಿಗೆ ಕಂಪನಿಗೇ ಫೋನು ಹಚ್ಚಿದರು, ಅದೂ ಸ್ಪೀಕರಿನಲ್ಲಿ. ನಾನು ಆಗಲೇ ಗಾಡಿ ಕೆಳಗೆ ಹೊಕ್ಕು, ಮೆಟ್ಟಿಲಿನ ಪಟ್ಟಿ ಹಿಡಿದುಕೊಂಡು ಮಲಗಿದ್ದೆ.

ಆ ಕಡೆ ಒಬ್ಬ ಹುಡುಗಿ, ಬೆಂಗಳೂರಿನ ನಯವಾದ ಕನ್ನಡ. "ಸರ್, ವಾಹನದ ಕೆಳಗೆ ಏನಾದರೂ ಅಡಚಣೆ ಇದೆಯಾ?"

ಸಾಹುಕಾರರು ಬಗ್ಗಿ ನೋಡಿದರು. "ಐತ್ರಿ."

"ಏನಿದೆ ಸರ್?"

"ಮಿಸ್ತ್ರಿ ಅದಾರ."

"ದಯವಿಟ್ಟು ಅಡಚಣೆ ತೆಗೆದು ಮತ್ತೊಮ್ಮೆ ಬಾಗಿಲು ತೆರೆಯಿರಿ ಸರ್," ಎಂದಳು.

"ಮಿಸ್ತ್ರಿ, ಹೊರಗ ಬರ್ರಿ."

ಬಂದೆ. ಬಾಗಿಲು ತೆಗೆದರು. ಮೆಟ್ಟಿಲು ಚೆನ್ನಾಗಿ ಹೊರಗೆ ಬಂದು ನಿಂತಿತು. ಸಮಸ್ಯೆ ಬಗೆಹರಿಯಿತೇ ಎಂದು ಹುಡುಗಿ ಕೇಳಿದಳು, ಆತ್ರಿ ಎಂದು ಇವರು ಹೇಳಿದರು. ಐದು ನಿಮಿಷದಲ್ಲಿ ಕಂಪನಿಯ ಮೆಸೇಜು ಬಂತು. ದೋಷಕ್ಕೆ ಕಾರಣ, ಅಡಚಣೆ. ತೆಗೆದುಹಾಕಲಾಗಿದೆ. ಸಾಹುಕಾರರು ಅದನ್ನು ನನ್ನ ಫೋನಿಗೂ ಕಳಿಸಿದರು, ರೆಕಾರ್ಡಿಗೆ ಇರಲಿ ಎಂದು.

೩. ಅಮಾವಾಸ್ಯೆ

ಅಡಚಣೆ ತೆಗೆದ ಮೇಲೂ ಅಮ್ಮನಿಗೆ ಮೆಟ್ಟಿಲು ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನಡುವೆ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ಪೂಜೆ ಇಲ್ಲದ ಗಾಡಿ ರಸ್ತೆ ಮೇಲೆ ಸಿಗುವುದಿಲ್ಲ, ಸೈಕಲ್ಲಿಗೂ ಕುಂಕುಮ ಬಿದ್ದಿರುತ್ತದೆ. ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಗಾಡಿ ಮತ್ತೆ ಬಂತು. ಈ ಸಲ ಮೆಟ್ಟಿಲು ಯಾರಿಗೂ ಬರುತ್ತಿರಲಿಲ್ಲ. ಒಂದು ನಮೂನೆ ನನಗೆ ಸಮಾಧಾನವಾಯಿತು, ಎಲ್ಲರಿಗೂ ಒಂದೇ ನ್ಯಾಯ.

ವೈರು ಕೂಡುವ ಕಪ್ಪು ಡಬ್ಬಿ ಬಿಚ್ಚಿದೆ. ಒಳಗೆ ಕೆಂಪಿರುವೆಗಳು ತುಂಬಿದ್ದವು. ಎಲ್ಲ ಕಡೆ ಅಂಟು ಅಂಟು. ಮೂಸಿ ನೋಡಿದೆ, ತೆಂಗಿನಕಾಯಿ.

"ಕಾಯಿ ಎಲ್ಲಿ ಒಡದ್ರಿ?"

"ಮೆಟ್ಟಿಲದ ಮ್ಯಾಲ," ಎಂದರು ಸಾಹುಕಾರರು. "ಬಾಗಿಲ ತಗದ್ರ ತಾನ ಮುಂದ ಬರತೈತಿ, ಅಂಚು ಗಟ್ಟಿ ಐತಿ, ಬಗ್ಗೂದೂ ಬ್ಯಾಡ. ಒಂದ ಏಟಿಗೆ ಎರಡು ಹೋಳು."

"ಅದು ಕರೆಂಟಿಂದ್ರಿ. ನೀರು ಒಳಗ ಹೋಗತೈತಿ. ಇನ್ನ ಮ್ಯಾಲ ಅದರ ಮ್ಯಾಲ ಒಡೀಬ್ಯಾಡ್ರಿ."

"ಇಲ್ಲ ಬಿಡ್ರಿ," ಎಂದು ಒಪ್ಪಿಕೊಂಡರು. ಮಾತಿಗೆ ತಪ್ಪುವ ಮನುಷ್ಯರಲ್ಲ. ಮುಂದಿನ ಅಮಾವಾಸ್ಯೆಗೆ, ಇರುವೆ ತೆಗೆದು ಗಾಡಿ ಉಳಿಸಿಕೊಟ್ಟ ಅಂಗಡಿ ಎಂಬ ಅಭಿಮಾನದಿಂದ, ಪೂಜೆಯನ್ನು ನನ್ನ ಅಂಗಡಿ ಮುಂದೆಯೇ ಇಟ್ಟುಕೊಂಡರು. ಮೆಟ್ಟಿಲನ್ನು ಮುಟ್ಟಲಿಲ್ಲ. ಕಾಯಿಯನ್ನು ನನ್ನ ಗಾಳಿ ಕಂಪ್ರೆಸರಿನ ಮೇಲೆ ಒಡೆದರು. ಅದು ಇಂದಿಗೂ ಬಂದ್ ಇದೆ.

೪. ಯಲಬುರ್ಗಾದಿಂದ ಫೋನು

ಸಾಹುಕಾರರ ಮನೆಯ ಇನ್ನೊಂದು ಹುಡುಗಿಯನ್ನು ಯಲಬುರ್ಗಾದ ಕಡೆ ಕೊಡುವ ಮಾತುಕತೆ ನಡೆದಿತ್ತು. ಗಾಡಿ ತೆಗೆದುಕೊಂಡು ಹೋದರು. ಮಧ್ಯಾಹ್ನ ಡ್ರೈವರನ ಫೋನು ಬಂತು. "ಮಿಸ್ತ್ರಿ, ಈಗ ಉಲ್ಟಾ ಆಗೈತಿ. ಹೊರಗ ಬಂದೈತಿ, ಒಳಗ ಹೋಗವಲ್ದು."

ನಾನು ಊಟ ಬಿಟ್ಟು ಎದ್ದೆ. ಫ್ಯೂಸು ನೋಡು ಎಂದೆ, ನೋಡಿದ, ಛಲೋ ಐತಿ ಎಂದ. ಗಾಡಿ ಬಂದ್ ಮಾಡಿ ಚಾಲೂ ಮಾಡು ಎಂದೆ, ಮಾಡಿದ. ಬಾಗಿಲು ಜೋರಾಗಿ ಹಾಕು ಎಂದೆ, ಹಾಕಿದ. ಮೋಟರು ಗುಂಯ್ ಅಂದು ಸುಮ್ಮನಾಗುವುದು ಫೋನಿನಲ್ಲೇ ಕೇಳಿಸುತ್ತಿತ್ತು. ಅರ್ಧ ತಾಸು ಹೀಗೇ ಹೋಯಿತು. ಅನ್ನ ಆರಿ ಹೋಯಿತು.

ಕೊನೆಗೆ ಕೇಳಿದೆ. "ಅದರ ಮ್ಯಾಲ ಭಾರ, ವಜ್ಜಿ ಏನರ ಐತೇನು?"

"ವಜ್ಜಿ ಏನಿಲ್ರಿ," ಎಂದ. "ಮೂರು ಮಂದಿ ಹಿರ್ಯಾರು ಕುಂತಾರ. ಎಲಿ ಅಡಿಕಿ ಹಾಕ್ಕೊಳ್ಳಾಕತ್ತಾರ."

ಗಾಡಿಯನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿದ್ದನಂತೆ. ಬಾಗಿಲು ತೆಗೆದೊಡನೆ ಕೂರುವ ಎತ್ತರಕ್ಕೆ, ಮೂರು ಮಂದಿ ಉದ್ದಕ್ಕೆ ಕಟ್ಟೆಯೊಂದು ತಾನೇ ಹೊರಗೆ ಬಂದರೆ, ಕೂರುವುದಕ್ಕೆ ಅಲ್ಲದೆ ಇನ್ಯಾತಕ್ಕೆ ಎಂದು ಅವರಿಗೆ ಅನಿಸಿದ್ದರಲ್ಲಿ ತಪ್ಪಿಲ್ಲ.

"ಅವರನ್ನ ಎಬ್ಬಿಸೋ ಮಾರಾಯ."

"ಹೆಂಗ ಎಬ್ಬಿಸ್ಲಿ ಮಿಸ್ತ್ರಿ? ಗಂಡಿನ ಕಡಿಯವ್ರು."

ಅವರಾಗಿ ಏಳುವವರೆಗೆ ಫ್ಯೂಸು ತೆಗೆದಿಡು ಎಂದೆ. ಅವರು ಎದ್ದದ್ದು ಮಾತುಕತೆ ಮುಗಿದ ಮೇಲೆ. ಸಂಬಂಧ ಕೂಡಿಬಂತು.

೫. ಕುಷ್ಟಗಿ

ಅಷ್ಟರಲ್ಲಿ ಮೊಮ್ಮಗಳು ಹೆತ್ತಳು, ಹೆಣ್ಣು ಕೂಸು. ತೊಟ್ಟಿಲು ಕಾರ್ಯಕ್ಕೆ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಸಾಹುಕಾರರು ನನ್ನನ್ನು ಮನೆಗೆ ಕರೆಸಿದರು. ಗಾಡಿ ಅಂಗಳದಲ್ಲಿ ನಿಂತಿತ್ತು, ಮನೆಮಂದಿ ತಯಾರಾಗಿದ್ದರು. ಅಮ್ಮ ಮಾತ್ರ ಹೊಸ ಇಳಕಲ್ ಸೀರೆ ಉಟ್ಟು, ಮಗುವಿನ ಕುಂಚಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು.

"ನೀವು ಹೋಗಿ ಬರ್ರಿ," ಎನ್ನುತ್ತಿದ್ದರು. "ಆ ಗಾಡಿಗೆ ನಾ ಬ್ಯಾಡಾಗೀನಿ. ಮಂದಿಗೆಲ್ಲಾ ಬರತೈತಿ, ನನ್ನ ನೋಡಿ ಒಳಗ ಹೋಗತೈತಿ."

"ಸ್ಟೂಲ್ ಇಡತೀನಿ, ಹತ್ತು ಯವ್ವಾ," ಎಂದರು ಸಾಹುಕಾರರು.

"ಬ್ಯಾಡಾದಲ್ಲಿಗೆ ಸ್ಟೂಲ್ ಇಟಗೊಂಡು ಹೋಗೂದೇನು?"

ಮೂರು ತಿಂಗಳು ಆ ಮೆಟ್ಟಿಲಿನ ಒಂದೊಂದು ತಿರುಪನ್ನೂ ನೋಡಿದ್ದೆ. ಅಮ್ಮ ಹತ್ತುವುದನ್ನು ಮಾತ್ರ ನೋಡಿರಲಿಲ್ಲ. ವಿಚಾರಿಸಿದರೆ ಯಾರೂ ನೋಡಿಲ್ಲ. ಹೆಣ್ಣುಮಕ್ಕಳು ಗಾಡಿ ಹತ್ತುವಾಗ ಗಂಡಸರು ಆ ಕಡೆ ಮುಖ ಮಾಡಿ ನಿಲ್ಲುವುದು ಆ ಮನೆಯ ಪದ್ಧತಿ. ಡ್ರೈವರ್ ಸ್ಟೇರಿಂಗು ನೋಡುತ್ತಾ ಕೂತಿರುತ್ತಿದ್ದ. ಸೊಸೆಯಂದಿರು ಮೊದಲೇ ಆ ಕಡೆಯ ಬಾಗಿಲಿಂದ ಹತ್ತಿ ಕೂತಿರುತ್ತಿದ್ದರು.

"ಅಮ್ಮಾರ, ನನ್ನ ಸಲುವಾಗಿ ಒಂದ ಸಲ," ಎಂದೆ. "ನೀವು ಯಾವಾಗಲೂ ಹೆಂಗ ಹತ್ತತೀರಿ ಹಂಗ ಹತ್ರಿ. ನಾ ಆ ಕಡಿಂದ ಕೆಳಗ ಮಲಗಿ ಮೆಟ್ಟಿಲ ಅಷ್ಟ ನೋಡತೀನಿ."

ಒಪ್ಪಿದರು. ನಾನು ಅಂಗಳದ ಕಲ್ಲಿನ ಮೇಲೆ ಮಲಗಿದೆ. ಬಾಗಿಲು ತೆರೆಯಿತು. ಮೆಟ್ಟಿಲು ಹೊರಟಿತು. ಅದು ಪೂರ್ತಿ ಬರುವ ಮೊದಲೇ ಬಳೆ ತೊಟ್ಟ ಎರಡು ಕೈಗಳು ಬಗ್ಗಿ ಬಂದು ಅದನ್ನು ಗಟ್ಟಿಯಾಗಿ ಮುಟ್ಟಿದವು. ಮೆಟ್ಟಿಲು ಹಿಂದೆ ಸರಿಯಿತು. ಕೈಗಳು ಕಣ್ಣಿಗೆ ಒತ್ತಿಕೊಳ್ಳಲು ಮೇಲೆ ಹೋದವು.

ಅಮ್ಮ ನಮಸ್ಕಾರ ಮಾಡುತ್ತಿದ್ದರು. ಬಂಡಿ ಇರಲಿ, ಬಸ್ಸಿರಲಿ, ಕಾಲಿಡುವ ಮೊದಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ಅವರ ಹುಟ್ಟಾ ಅಭ್ಯಾಸ. ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ, ಹಗುರಾಗಿ ಮುಟ್ಟುವುದು ಅದಕ್ಕೆ ಗೊತ್ತಿಲ್ಲ. ಈ ಮೆಟ್ಟಿಲಿಗೋ, ಹೊರಗೆ ಬರುವಾಗ ಏನಾದರೂ ತಾಕಿದರೆ ಯಾರದೋ ಕಾಲು ಸಿಕ್ಕಿತೆಂದು ತಿಳಿದು ಒಳಗೆ ಹೋಗುವಂತೆ ಕಂಪನಿಯವರು ಕಲಿಸಿದ್ದಾರೆ.

ಎದ್ದು ಬಂದು ಇದನ್ನೆಲ್ಲ ಹೇಳಿದೆ. "ನಮಸ್ಕಾರ ಬಿಟ್ಟುಬಿಡು ಯವ್ವಾ," ಎಂದರು ಸಾಹುಕಾರರು. ಅಮ್ಮ ಅವರ ಕಡೆ ನೋಡಲೇ ಇಲ್ಲ.

"ತಮ್ಮಾ, ಈ ಗಾಡಿ ಹುಟ್ಟಿ ಎಷ್ಟು ದಿನ ಆತು?" ಎಂದು ನನ್ನನ್ನು ಕೇಳಿದರು.

"ಒಂದ ವರ್ಷ ಆಗಿಲ್ರಿ."

"ಹಂಗಾರ ತಪ್ಪು ನಂದ," ಎಂದರು. "ಎಂಬತ್ತು ವರ್ಷದಾಕಿ ಕಾಲು ಮುಟ್ಟಾಕ ಬಂದ್ರ ಸಣ್ಣವರು ಕಾಲು ಹಿಂದ ತಗೊಳ್ಳಬೇಕು. ತಗೊಂಡೈತಿ. ಮರ್ಯಾದಿ ತಿಳಿದ ಗಾಡಿ."

ಮತ್ತೆ ಬಾಗಿಲು ತೆಗೆಸಿದರು. ಈ ಸಲ ಬಗ್ಗಲಿಲ್ಲ. ಮೆಟ್ಟಿಲು ಪೂರ್ತಿ ಬಂದು ನಿಲ್ಲುವವರೆಗೆ ಕೈ ಎತ್ತಿ ಆಶೀರ್ವಾದ ಮಾಡಿದರು, ಆಮೇಲೆ ಹತ್ತಿ ಕೂತರು. ಗಾಡಿ ಹೊರಟಿತು. ಬಹಳ ದಿನದ ಮೇಲೆ ನಾನು ನಿಶ್ಚಿಂತೆಯಿಂದ ಚಹಾ ಕುಡಿದೆ.

ಮಧ್ಯಾಹ್ನ ಸಾಹುಕಾರರ ಫೋನು. ಅಮ್ಮ ಕೂಸನ್ನು ತೊಟ್ಟಿಲಿಗೆ ಹಾಕಿದ್ದಾಯಿತಂತೆ, ಕಣ್ಣು ತುಂಬಿ ಹಾಡು ಹೇಳಿದರಂತೆ. ಕೇಳಿ ಖುಷಿಯಾಯಿತು. ಆದರೆ ಅವರ ಧ್ವನಿ ಸಣ್ಣಗಿತ್ತು.

"ಮಿಸ್ತ್ರಿ, ನಮ್ಮವ್ವ ಇಲ್ಲಿ ಬಂದಾಕಿ ಗಾಡೀದು ಎಲ್ಲಾರಿಗೂ ಹೇಳ್ಯಾಳ, ಹಿರ್ಯಾರು ಮುಟ್ಟಿದ್ರ ಕಾಲು ಹಿಂದ ತಗೋತೈತಿ ಅಂತ. ಓಣಿ ಮುದುಕ್ರೆಲ್ಲಾ ಪಾಳಿ ಹಚ್ಚಿ ಮುಟ್ಟಿ ನೋಡ್ಯಾರ. ಹನ್ನೊಂದು ಮಂದಿಗೆ ಹಿಂದ ಸರೀತು. ಹನ್ನೆರಡನೇದವ್ರು ಕೂಸಿನ ಮುತ್ತಜ್ಜ. ಅವರು ಮುಟ್ಟಿದ್ರ ಅಳ್ಳಾಡವಲ್ದು, ಹಂಗ ನಿಂತೈತಿ."

ಮೇಲಿಂದ ಮೇಲೆ ಅಡ್ಡ ಸಿಕ್ಕರೆ ಮೋಟರು ಸುಡಬಾರದೆಂದು ಅದು ತಾನೇ ನಿಂತುಬಿಡುತ್ತದೆ, ಒಂದು ತಾಸು ಬಿಟ್ಟರೆ ಸರಿಹೋಗುತ್ತದೆ ಎಂದೆ.

"ಮೋಟರ್ ಹೋಗಲಿ ಬಿಡ್ರಿ. ಹನ್ನೊಂದು ಮಂದಿಗೆ ಕೊಟ್ಟ ಮರ್ಯಾದಿ ನನಗ ಕೊಡಲಿಲ್ಲ ಅಂತ ಮುತ್ತಜ್ಜ ಸಿಟ್ಟಾಗಿ ಕುಂತಾರ. ಅವರು ಊಟಕ್ಕ ಕುಂದ್ರದ ಯಾರೂ ಕುಂದ್ರಂಗಿಲ್ಲ. ಏನ್ ಹೇಳ್ಲಿ?"

ಇಪ್ಪತ್ತೆರಡು ವರ್ಷದಲ್ಲಿ ಇಂಥ ದೋಷ ನನ್ನಲ್ಲಿಗೆ ಬಂದಿರಲಿಲ್ಲ. "ನೀವು ಭಾಳ ಎಳೇರು ಕಾಣತೀರಿ, ಗಾಡಿಗೆ ವಯಸ್ಸು ತಿಳೀಲಿಲ್ಲ ಅಂತ ಹೇಳ್ರಿ," ಎಂದೆ.

ಹತ್ತು ನಿಮಿಷ ಬಿಟ್ಟು ಮತ್ತೆ ಫೋನು ಬಂತು. ಮುತ್ತಜ್ಜ ಊಟಕ್ಕೆ ಕೂತಿದ್ದರಂತೆ, ಕೂರುವ ಮೊದಲು ಕನ್ನಡಿ ತರಿಸಿ ಮೀಸೆ ತಿದ್ದಿಕೊಂಡರಂತೆ.